ಮನಸ್ಸಿನ ಭಾರ ಹಂಚಿಕೊಳ್ಳೋಣ



“ಅವಳ ತಾಯಿಗೂ ಹೀಗೇ ಇತ್ತಂತೆ, ರಕ್ತದಲ್ಲೇ ಬಂದದ್ದು” ಅಂತ ನಾವು ಎಷ್ಟು ಸಲ ಹೇಳಿಲ್ಲ? ಖಿನ್ನತೆಯ ವಿಷಯದಲ್ಲಿ ಈ ಮಾತು ಅರ್ಧ ಮಾತ್ರ ನಿಜ.

ಅಮೆರಿಕದ ವರ್ಜೀನಿಯಾದಲ್ಲಿ ಅವಳಿ ಸಹೋದರಿಯರ ಬಗ್ಗೆ ನಡೆಸಿದ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ಹತ್ತಿರದವರ ಸಾವು, ಹಲ್ಲೆ, ದಾಂಪತ್ಯದಲ್ಲಿ ದೊಡ್ಡ ಬಿರುಕು, ಇಂಥ ಪೆಟ್ಟು ಬಿದ್ದ ತಿಂಗಳಲ್ಲಿ ವಂಶದ ಅಪಾಯ ತೀರಾ ಕಡಿಮೆಯಿದ್ದ 100 ಮಂದಿಯಲ್ಲಿ ಸುಮಾರು 6 ಮಂದಿಗೆ ಖಿನ್ನತೆ ಬಂತು. ತೀರಾ ಹೆಚ್ಚಿದ್ದವರಲ್ಲಿ ಸುಮಾರು 15 ಮಂದಿಗೆ. ಪೆಟ್ಟು ಇಲ್ಲದ ತಿಂಗಳಲ್ಲಿ ಎರಡೂ ಕಡೆ 1ರ ಆಸುಪಾಸು ಮಾತ್ರ. ವಂಶವೂ ಕಷ್ಟವೂ ಕೂಡಿದಾಗ ಅಪಾಯ ಹೆಚ್ಚು. ಆದರೂ ಉಳಿದ 85 ಮಂದಿಗೆ ಬರಲಿಲ್ಲ ಎಂಬುದನ್ನು ಮರೆಯಬಾರದು. ವಂಶದಲ್ಲಿದ್ದದ್ದು ಹಣೆಬರಹವಲ್ಲ.

ವಂಶವನ್ನು ಬದಲಿಸಲು ನಮ್ಮಿಂದಾಗದು. ಭಾರ ಹಂಚಿಕೊಳ್ಳಲು ಆಗುತ್ತದೆ. ಸಭೆಗೆ ಬರುವುದನ್ನು ನಿಲ್ಲಿಸಿದವಳ ಮನೆಗೆ ಹೋಗೋಣ. ಉಳಿತಾಯದ ಬಾಕಿ ಕೇಳಲು ಅಲ್ಲ, “ಹೇಗಿದ್ದೀಯಕ್ಕಾ?” ಎಂದು ಕೇಳಲು. ಎರಡು ವಾರ ಕಳೆದರೂ ಬೇಸರ ಹೋಗದೆ, ನಿದ್ದೆ, ಊಟ, ಕೆಲಸ ಕೆಟ್ಟರೆ ಜೊತೆಯಲ್ಲೇ ವೈದ್ಯರ ಬಳಿಗೆ ಕರೆದೊಯ್ಯೋಣ. ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬಾರದು. ಟೆಲಿ ಮಾನಸ್ 14416ಕ್ಕೆ ಕರೆ ಉಚಿತ. ಪ್ರಾರ್ಥನೆಯೂ ಇರಲಿ, ಔಷಧಿಯೂ ಇರಲಿ, ನಾವೂ ಜೊತೆಗಿರೋಣ.