ವಿಷಾದವೂ ಸೆರೊಟೊನಿನ್ನೂ

ಮನಸ್ಸು ಭಾರವಾಯಿತು, ಎದೆ ಕುಸಿಯಿತು, ಉತ್ಸಾಹ ಬತ್ತಿತು ಎನ್ನುತ್ತೇವೆ. ನಮ್ಮ ಆಡುನುಡಿ ದುಃಖವನ್ನು ದೇಹದ ಮಾತಿನಲ್ಲಿಯೇ ಹೇಳುತ್ತದೆ. ದುಃಖಕ್ಕೆ ದೇಹದಲ್ಲಿ ನೆಲೆ ಎಲ್ಲಿ ಎಂಬುದನ್ನು ಇಪ್ಪತ್ತನೆಯ ಶತಮಾನದ ವಿಜ್ಞಾನವೂ ಅರಸಿತು. ಆ ಹುಡುಕಾಟದಲ್ಲಿ ಪ್ರಸಿದ್ಧಿಗೆ ಬಂದ ವಸ್ತು ಸೆರೊಟೊನಿನ್.

1948ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ರ್ಯಾಪೋರ್ಟ್, ಗ್ರೀನ್, ಪೇಜ್ ಎಂಬ ಮೂವರು ವಿಜ್ಞಾನಿಗಳು ಇದನ್ನು ರಕ್ತದ ದ್ರವಾಂಶದಿಂದ ಬೇರ್ಪಡಿಸಿದರು. ಅವರು ಅರಸುತ್ತಿದ್ದುದು ದುಃಖದ ಮೂಲವನ್ನಲ್ಲ, ರಕ್ತನಾಳಗಳನ್ನು ಬಿಗಿಗೊಳಿಸುವ ವಸ್ತುವನ್ನು. 1953ರಲ್ಲಿ ಬೆಟ್ಟಿ ಟ್ವಾರಾಗ್ ಮತ್ತು ಪೇಜ್ ಅದು ಮಿದುಳಿನಲ್ಲಿಯೂ ಉಂಟೆಂದು ತೋರಿಸಿದರು. ದೇಹದ ಸೆರೊಟೊನಿನ್ನಿನ ಬಹುಪಾಲು ಇರುವುದು ಕರುಳಿನಲ್ಲಿ. ಮಿದುಳಿನ ಪಾಲು ಅತ್ಯಲ್ಪ. ಆದರೂ ನಿದ್ರೆ, ಹಸಿವು, ಮನೋಭಾವ ಇವುಗಳ ನಿಯಂತ್ರಣದಲ್ಲಿ ಅದಕ್ಕೊಂದು ಪಾತ್ರವಿದೆ.

ವಿಷಾದದೊಡನೆ ಅದರ ನಂಟು ಬೆಳೆದದ್ದು ನಮ್ಮ ಸರ್ಪಗಂಧದ ಬೇರಿನಿಂದ. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆ ಬೇರಿನಿಂದ ರಿಸರ್ಪಿನ್ ಎಂಬ ಔಷಧವನ್ನು ಪಡೆದರು. ರಕ್ತದೊತ್ತಡಕ್ಕೆ ಅದನ್ನು ಸೇವಿಸಿದ ಕೆಲವರು ಖಿನ್ನರಾದರೆಂದು ವೈದ್ಯರು ವರದಿಮಾಡಿದರು. ಅದು ಮಿದುಳಿನ ಸೆರೊಟೊನಿನ್ನನ್ನು ಬರಿದುಮಾಡುತ್ತದೆಂದು 1955ರಲ್ಲಿ ತಿಳಿಯಿತು. ಹಾಗಾದರೆ ಸೆರೊಟೊನಿನ್ನಿನ ಕೊರತೆಯೇ ಖಿನ್ನತೆ ಎಂಬ ಊಹೆ ಹುಟ್ಟಿತು. ರಿಸರ್ಪಿನ್ ಬೇರೆ ರಾಸಾಯನಿಕಗಳನ್ನೂ ಬರಿದುಮಾಡುತ್ತದೆಂಬುದು ಜನರ ಬಾಯಲ್ಲಿ ಮರೆಯಾಯಿತು. 1987ರ ಕೊನೆಯಲ್ಲಿ ಅಮೆರಿಕದಲ್ಲಿ ಫ್ಲುಆಕ್ಸೆಟಿನ್ ಮಾತ್ರೆಗೆ ಅನುಮತಿ ದೊರೆತ ಮೇಲೆ ಆ ಊಹೆ ಮನೆಮಾತಾಯಿತು.

2022ರಲ್ಲಿ ಲಂಡನ್ನಿನ ಜೊಆನಾ ಮಾಂಕ್ರೀಫ್ ಮತ್ತು ಸಂಗಡಿಗರು ಹಿಂದಿನ ಸಂಶೋಧನೆಗಳನ್ನು ಒಟ್ಟಾಗಿ ಪರಿಶೀಲಿಸಿ, ಈ ಊಹೆಗೆ ಸುಸಂಗತವಾದ ಆಧಾರವಿಲ್ಲವೆಂದರು. ಅವರ ತೀರ್ಮಾನವನ್ನು ಪ್ರಶ್ನಿಸಿದವರೂ ಉಂಟು. ಹಾಗೆಂದು ಮಾತ್ರೆ ನಿಷ್ಪ್ರಯೋಜಕವೆನ್ನಬಾರದು. ಶುಂಠಿಯ ಕಷಾಯದಿಂದ ಗಂಟಲಿಗೆ ಹಿತವಾದರೆ, ಶುಂಠಿಯ ಕೊರತೆಯಿಂದ ನೆಗಡಿ ಬಂದಿತೆಂದು ಯಾರೂ ಹೇಳುವುದಿಲ್ಲ. ಕಷಾಯವನ್ನು ಚೆಲ್ಲುವುದೂ ಇಲ್ಲ. ಈ ಮಾತ್ರೆಗಳಿಂದ ಅನೇಕರಿಗೆ ಉಪಶಮನ ದೊರೆತಿದೆ. ವೈದ್ಯರನ್ನು ಕೇಳದೆ ಅವನ್ನು ಥಟ್ಟನೆ ನಿಲ್ಲಿಸುವುದು ಅಪಾಯಕರ.

ವಿಷಾದಕ್ಕೆ ಕಾರಣ ಒಂದೇ ಅಲ್ಲ. ವಂಶದಿಂದ ಬಂದ ಒಲವು, ಸಾಲ, ಅಗಲಿಕೆ, ಒಂಟಿತನ, ಬಹುಕಾಲದ ಒತ್ತಡ ಎಲ್ಲವೂ ಅಲ್ಲಿ ಸೇರುತ್ತವೆ. ಕುಗ್ಗಿದವರಿಗೆ “ಧೈರ್ಯ ತಂದುಕೋ” ಎಂದು ಗದರಿಸುವವರು ದೇಹವನ್ನು ಮರೆಯುತ್ತಾರೆ. “ಒಂದು ರಾಸಾಯನಿಕ ಕಡಿಮೆ, ಅಷ್ಟೆ” ಎನ್ನುವವರು ಬಾಳನ್ನು ಮರೆಯುತ್ತಾರೆ. ಇಬ್ಬರೂ ಎದುರಿಗಿರುವವರ ಮಾತನ್ನು ಮಾತ್ರ ಆಲಿಸುವುದಿಲ್ಲ. ಕನ್ನಡದಲ್ಲಿ ‘ಕೇಳು’ ಎಂಬುದಕ್ಕೆ ಎರಡರ್ಥ: ವಿಚಾರಿಸುವುದು, ಕಿವಿಗೊಡುವುದು. ನಮ್ಮ ಮನೆಯಲ್ಲೊಬ್ಬರು ಮೌನವಾದಾಗ ವೈದ್ಯರಲ್ಲಿಗೆ ಕರೆದೊಯ್ಯೋಣ. ಅದರೊಡನೆ ಈ ಎರಡೂ ಅರ್ಥಗಳಲ್ಲಿ ಅವರನ್ನು ಕೇಳೋಣ.