ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ: ದೂರದ ಲೆಕ್ಕ, ಹೊತ್ತಿನ ಲೆಕ್ಕ



ವಿದೇಶ ವ್ಯಾಸಂಗದ ಅರ್ಜಿ ಹಿಡಿದು ಬರುವ ಪೋಷಕರು ಫೀಸು, ಹಾಸ್ಟೆಲ್ಲು ವಿಚಾರಿಸಿದ ಮೇಲೆ ನಮ್ಮನ್ನು ಕೇಳುವುದು, “ಎಷ್ಟು ದೂರ ಆಗುತ್ತೆ ಸಾಹೇಬ್ರೆ?” ಎಂದು. ಕಿಲೋಮೀಟರಿನಲ್ಲಿ ಹೇಳಿದರೆ ಸಮಾಧಾನವಿಲ್ಲ. ಮಗ ಯಾವಾಗ ಮುಟ್ಟುತ್ತಾನೆ, ಕರೆದರೆ ಯಾವಾಗ ಬರುತ್ತಾನೆ, ಅದು ತಿಳಿಯಬೇಕು. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ದಾರಿಯನ್ನೇ ತೆಗೆದುಕೊಂಡು ಆ ಲೆಕ್ಕ ಹೇಳುತ್ತೇವೆ.

ಎರಡು ನಿಲ್ದಾಣಗಳ ನಡುವೆ ನೇರ ಅಂತರ ಸುಮಾರು 14,000 ಕಿ.ಮೀ. ಗೋಡೆಯ ನಕ್ಷೆ ನೋಡಿದರೆ ಪೆಸಿಫಿಕ್ಕನ್ನೋ ಅಟ್ಲಾಂಟಿಕ್ಕನ್ನೋ ದಾಟಬೇಕು ಅನಿಸುತ್ತದೆ. ಶಾಲೆಯಲ್ಲಿರುವ ಗೋಳದ ಮೇಲೆ ಎರಡೂ ಊರಿಗೆ ದಾರ ಬಿಗಿದು ನೋಡಿ, ಅದು ಉತ್ತರ ಧ್ರುವದ ಕಡೆಯಿಂದ ಹೋಗುತ್ತದೆ. ಎರಡೂ ಊರುಗಳು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಬದಿಗಳಲ್ಲಿವೆ. 2021ರ ಜನವರಿ 9ರ ಶನಿವಾರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾ ವಿಮಾನವನ್ನು ಕ್ಯಾಪ್ಟನ್ ಝೋಯಾ ಅಗರ್ವಾಲ್ ಮತ್ತು ಜೊತೆಯ ಮಹಿಳಾ ಪೈಲಟ್‌ಗಳು ಧ್ರುವದ ಮೇಲಿನಿಂದ ತಂದು ಸೋಮವಾರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಸಿದರು. ನಮ್ಮ ಹೆಣ್ಣುಮಕ್ಕಳು ಇದನ್ನು ಕೇಳಿಸಿಕೊಳ್ಳಲಿ.

ಶನಿವಾರ ಹೊರಟು ಸೋಮವಾರ ಇಳಿದರೂ ಹಾರಿದ್ದು ಸುಮಾರು 17 ಗಂಟೆ ಮಾತ್ರ. ಟಿಕೆಟ್ಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ಇಳಿಯುವ ಸಮಯ ಇಳಿಯುವ ಊರಿನದು. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಹನ್ನೆರಡೂವರೆ. ಜನವರಿಯ ಟಿಕೆಟ್ಟಿನಲ್ಲಿ ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5ಕ್ಕೆ ಇಳಿಯುತ್ತದೆ ಎಂದಿದ್ದರೆ ಅದು 3 ಗಂಟೆಯ ಪ್ರಯಾಣವಲ್ಲ, ಹದಿನಾರೂವರೆ ಗಂಟೆಯದು.

ನೇರ ವಿಮಾನ ಎಲ್ಲ ಕಾಲಕ್ಕೂ ಇರುವುದಿಲ್ಲ, ಎಲ್ಲರ ಕೈಗೂ ಎಟುಕುವುದಿಲ್ಲ. ದುಬೈ ಮೇಲೆ ಹೋದರೆ ಅಲ್ಲಿಗೆ ಸುಮಾರು 4 ಗಂಟೆ, ಮುಂದೆ 16. ದೂರ ಹೆಚ್ಚುವುದು 2,000 ಕಿ.ಮೀ.ಗಿಂತ ಕಡಿಮೆಯೇ. ಹೊತ್ತು ತಿನ್ನುವುದು ನಡುವೆ ಕಾಯುವುದು; ಅಗ್ಗದ ಟಿಕೆಟ್ಟಿನಲ್ಲಿ ಅದು ಹತ್ತು ಹನ್ನೆರಡು ಗಂಟೆಯೂ ಇರಬಹುದು. ಬೇರೆ ಬೇರೆ ಎರಡು ಟಿಕೆಟ್ ಕೊಂಡು ದುಡ್ಡು ಉಳಿಸುವುದನ್ನು ನಾವು ಒಪ್ಪುವುದಿಲ್ಲ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ನಷ್ಟ ಮಕ್ಕಳ ತಲೆಗೇ ಬರುತ್ತದೆ. ನ್ಯೂಯಾರ್ಕ್‌ನಲ್ಲಿ ವಿಮಾನ ಬದಲಿಸುವುದಾದರೆ ಇಮಿಗ್ರೇಷನ್ ಅಲ್ಲೇ, ಲಗೇಜನ್ನೂ ಅಲ್ಲೇ ಬಿಡಿಸಿಕೊಂಡು ಮತ್ತೆ ಕೊಡಬೇಕು. ಮೂರು ಗಂಟೆಯಾದರೂ ಬಿಡುವಿರಲಿ. ವಿಜಯಪುರ, ಕಲಬುರಗಿಯ ಮಕ್ಕಳು ದೇವನಹಳ್ಳಿಗೆ ಬರುವ ರಾತ್ರಿಯ ಬಸ್ಸು, ಕೌಂಟರಿನ ಸಾಲು ಸೇರಿಸಿದರೆ ಮನೆಯಿಂದ ಹಾಸ್ಟೆಲ್ಲಿಗೆ ಒಂದೂವರೆ ದಿನ ದಾಟುತ್ತದೆ.

ಬರುವಾಗಲೂ ಅಷ್ಟೇ. ಮನೆಯಲ್ಲಿ ಮರಣವಾದರೆ ದಫನ ತಡಮಾಡುವ ರೂಢಿ ನಮ್ಮಲ್ಲಿಲ್ಲ. ಸುದ್ದಿ ಕೇಳಿದ ಗಳಿಗೆಯಲ್ಲೇ ಹೊರಟರೂ ಮಗ ಜನಾಝಾಕ್ಕೆ ಮುಟ್ಟಲಾರ. ಕಾಯಬೇಕೋ ಬೇಡವೋ ಎಂಬುದನ್ನು ಅವನು ಹೊರಡುವ ಮುನ್ನವೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ಆ ದಿನ ಫೋನಿನಲ್ಲಿ ತೀರ್ಮಾನಿಸುವುದು ಯಾರಿಗೂ ಬೇಡ. ದಾನಿಗಳು ಫೀಸಿನ ಹಣದ ಜೊತೆ ತುರ್ತು ಟಿಕೆಟ್ಟಿಗೂ ಬೇರೆಯಾಗಿ ಒಂದಿಷ್ಟು ತೆಗೆದಿಡಬೇಕೆಂದು ನಾವು ಕೇಳುವುದು ಇದಕ್ಕೇ. ಹಾಗೆ ಬಂದವರು ಮರಳಿ ಓದಿಗೆ ಹೋಗಲು ವೀಸಾ ಜಾರಿಯಲ್ಲಿರಬೇಕು, ಐ-20 ಪತ್ರದಲ್ಲಿ ಕಾಲೇಜಿನ ಪ್ರಯಾಣ ಸಹಿಯೂ ಇರಬೇಕು. ಆ ಸಹಿಯನ್ನು ಮಕ್ಕಳು ಸೇರಿದ ಮೊದಲ ತಿಂಗಳಲ್ಲೇ ಹಾಕಿಸಿಟ್ಟುಕೊಳ್ಳಲಿ.