ಚಿನ್ನದ ಗಣಿಯ ಏಣಿ



ಮಾಸ್ತಿಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕಾದರೆ ಬೆಳಗಿನ ಬಸ್ಸು ಹಿಡಿದು ಮಾಲೂರಿಗೆ ಬರಬೇಕು. ಅಷ್ಟು ಹೊತ್ತಿಗೆ ಮಾರಿಕುಪ್ಪಂನಿಂದ ಹೊರಟ ಗಾಡಿ ಬಂದು ನಿಂತಿರುತ್ತದೆ. ಕಾಲಿಡಲು ಜಾಗವಿರುವುದಿಲ್ಲ. ಮೊನ್ನೆ ನಾನು ಹತ್ತಿದಾಗ ಬಾಗಿಲ ಬಳಿ ಒಬ್ಬ ಹೆಂಗಸು ನಿಂತಿದ್ದರು. ಕಡಲೆಕಾಯಿ ಮಾರುವವನ ಹತ್ತಿರ ತೆಲುಗಿನಲ್ಲಿ ಚೌಕಾಶಿ ಮಾಡಿದರು, ಫೋನಿನಲ್ಲಿ ಮಗಳನ್ನು ತಮಿಳಿನಲ್ಲಿ ಗದರಿಸಿದರು, ನನ್ನ ಕಡೆ ತಿರುಗಿ ಕನ್ನಡದಲ್ಲಿ, ‘ಸ್ವಲ್ಪ ಒಳಗೆ ಸರೀರಿ ಅಣ್ಣ’ ಅಂದರು. ನನ್ನ ಹಿಂದೆಯೇ ಹತ್ತಿದ್ದ ನಮ್ಮ ಕಡೆಯ ಹುಡುಗನೊಬ್ಬ ಗೊಣಗಿದ: ‘ಕೆಜಿಎಫ್‌ನೋರು. ಸೀಟೆಲ್ಲ ಇವರದೇ.’

ಕೆಜಿಎಫ್‌ನವರು, ಅಂದರೆ ಕೋಲಾರದ ಚಿನ್ನದ ಗಣಿಯವರು. ಮಾಸ್ತಿಯಲ್ಲಾಗಲಿ ಮಾಲೂರಿನಲ್ಲಾಗಲಿ ಈ ಮಾತನ್ನು ನಾವು ಬೇರೆ ಸೀಮೆಯವರ ಬಗ್ಗೆ ಆಡುವಂತೆ ಆಡುತ್ತೇವೆ. ಇರುವುದು ಒಂದೇ ಜಿಲ್ಲೆಯಲ್ಲಿ, ಬೇಡುವುದು ಅದೇ ಮಳೆಯನ್ನು. ಹಾಗಿದ್ದೂ ನಡುವೆ ಒಂದು ಗೆರೆ ಇದೆ. ಆ ಗೆರೆ ಎಳೆದವರು ಯಾರು, ಯಾವಾಗ ಎಳೆದರು ಎಂಬುದೇ ಇವತ್ತಿನ ನನ್ನ ಮಾತು.

ಭಾಷೆ ಬೇರೆಯಲ್ಲವೇ, ಅದಕ್ಕೇ ಗೆರೆ, ಎಂದು ಯಾರಾದರೂ ಥಟ್ಟನೆ ಹೇಳಬಹುದು. ಅದನ್ನು ಒಪ್ಪುವ ಮೊದಲು ನಮ್ಮೂರಿನ ಹೆಸರನ್ನೇ ಒಂದು ಸಲ ನೆನೆಯೋಣ. ಮಾಸ್ತಿ ವೆಂಕಟೇಶ ಅಯ್ಯಂಗಾರರು ಹುಟ್ಟಿದ್ದು 1891ರಲ್ಲಿ, ತಮಿಳು ಮನೆಮಾತಿನ ಶ್ರೀವೈಷ್ಣವ ಕುಟುಂಬದಲ್ಲಿ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರ ಮನೆಮಾತೂ ಕನ್ನಡವಾಗಿರಲಿಲ್ಲ. ಒಬ್ಬರನ್ನು ನಾವು ಕನ್ನಡದ ಆಸ್ತಿ ಎಂದೆವು, ಇನ್ನೊಬ್ಬರ ಕಗ್ಗ ಇವತ್ತಿಗೂ ಮನೆಮನೆಯ ಮಾತು. ಇಬ್ಬರ ಮನೆಮಾತೂ ಅವರನ್ನು ಹೊರಗಿನವರನ್ನಾಗಿ ಮಾಡಲಿಲ್ಲ. ಹಾಗಿದ್ದ ಮೇಲೆ ಗಣಿಯ ತಮಿಳನೊಬ್ಬನೇ ನಾಲ್ಕು ತಲೆಮಾರಾದರೂ ಹೊರಗಿನವನಾಗಿ ಉಳಿದದ್ದು ಏಕೆ? ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1802ರಲ್ಲಿ ಜಾನ್ ವಾರನ್ ಎಂಬ ಸೇನಾಧಿಕಾರಿ ಮೈಸೂರಿನ ಪೂರ್ವದ ಗಡಿ ಅಳೆಯಲು ಬಂದ. ಊರಗಾಂ, ಮಾರಿಕುಪ್ಪಂ ಸುತ್ತಿನ ಜನ ಮಣ್ಣು ತೊಳೆದು ಚಿನ್ನದ ಕಣ ಆರಿಸುತ್ತಿದ್ದುದನ್ನು ಕಂಡು ಬರೆದಿಟ್ಟ. ಆ ಬರಹ ಎಷ್ಟೋ ಕಾಲ ಮೂಲೆಯಲ್ಲಿತ್ತು. ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಸಿಪಾಯಿ ಮೈಕೆಲ್ ಲ್ಯಾವೆಲ್ ಅದನ್ನು ಓದಿ ಕೋಲಾರದ ಹಾದಿ ಹಿಡಿದ. 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿದ, 1875ರಲ್ಲಿ 20 ವರ್ಷದ ಗುತ್ತಿಗೆ ಪಡೆದ. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನ ಹೆಸರಿನದೇ. ಹಕ್ಕು ಸಿಕ್ಕರೂ ಬಂಡೆ ಸೀಳುವಷ್ಟು ಬಂಡವಾಳ ಅವನಲ್ಲಿರಲಿಲ್ಲ. ಹಕ್ಕು ಕೈಯಿಂದ ಕೈಗೆ ದಾಟಿ, 1880ರ ಹೊತ್ತಿಗೆ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕೈಗೆ ಬಂತು. ಅಲ್ಲಿಂದ ಮುಂದೆ ಮೈಸೂರು ಮೈನ್, ಚಾಂಪಿಯನ್ ರೀಫ್, ಊರಗಾಂ, ನಂದಿದುರ್ಗ ಎಂಬ ದೊಡ್ಡ ಗಣಿಗಳು ಎದ್ದವು.

ಈಗ ಗಣಿಯ ಏಣಿಗೆ ಬರುತ್ತೇನೆ. ಮೇಲಿನ ಮೆಟ್ಟಿಲಲ್ಲಿ ಇಂಗ್ಲಿಷ್ ದೊರೆಗಳು, ತವರ ತಾಮ್ರದ ಗಣಿಗಳಲ್ಲಿ ಪಳಗಿ ಕಾರ್ನ್‌ವಾಲ್‌ನಿಂದ ಬಂದ ಕುಶಲಿಗರು. ಅವರ ಜೊತೆಗೇ, ಆದರೆ ಒಂದು ಮೆಟ್ಟಿಲು ಕೆಳಗೆ, ಇಟಲಿಯವರು. ಆಮೇಲೆ ಆಂಗ್ಲೋ-ಇಂಡಿಯನ್ನರು. ಕಾವಲಿಗೆ ಪಂಜಾಬಿನವರು. ಲೆಕ್ಕಪತ್ರಕ್ಕೆ ನಾಲ್ಕಕ್ಷರ ಕಲಿತ ಮೇಲ್ಜಾತಿಯವರು. ಏಣಿಯ ಬುಡದಲ್ಲಿ, ನಿಜಾರ್ಥದಲ್ಲೇ ಭೂಮಿಯ ಅಡಿಯಲ್ಲಿ, ಉತ್ತರ ಆರ್ಕಾಟು, ಸೇಲಂ ಜಿಲ್ಲೆಗಳಿಂದ ಬಂದ ತಮಿಳು ದಲಿತರು. ಚಿತ್ತೂರಿನ ಕಡೆಯ ತೆಲುಗರು ಹೆಚ್ಚಾಗಿ ನೆಲದ ಮೇಲಿನ ಕೆಲಸಕ್ಕೆ.

ಊರಲ್ಲಿ ಜಮೀನ್ದಾರನ ಜೀತ, ಮೇಲೆ ಬರದ ಬೇಗೆ. ಆ ಜನಕ್ಕೆ ಗಣಿಯ ಕತ್ತಲೆಯೇ ಬಿಡುಗಡೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಕೈಗೆ ದುಡ್ಡು ಬರುತ್ತಿತ್ತು. ಬೀದಿಯಲ್ಲಿ ಮೇಲ್ಜಾತಿಯವನು ಎದುರಾದರೆ ಪಕ್ಕಕ್ಕೆ ಸರಿಯಬೇಕಿರಲಿಲ್ಲ. ನಮ್ಮ ಕಡೆಯ ರೈತ ಮಾತ್ರ ಪಾತಾಳಕ್ಕೆ ಇಳಿಯಲು ಮನಸ್ಸು ಮಾಡಲಿಲ್ಲ. ಎರಡು ಎಕರೆ ರಾಗಿ ಹೊಲ ಇದ್ದವನು ಅದನ್ನು ಬಿಟ್ಟು ಏಕೆ ಹೋದಾನು? ಸೌದೆ, ಹುಲ್ಲು, ತರಕಾರಿ, ಹಾಲು ಮಾರಲು ಗಣಿಯ ಬಾಗಿಲವರೆಗೆ ಹೋದ, ಮಾರಿ ಮರಳಿ ಬಂದ. ಗಣಿಯ ಕೂಲಿ ಅವನಿಗೆ ಗಿರಾಕಿಯಾದ, ನೆರೆಯವನಾಗಲಿಲ್ಲ.

ಬರ್ಮಾದಲ್ಲಿ ಬಹುಕಾಲ ಅಧಿಕಾರಿಯಾಗಿದ್ದ ಜೆ.ಎಸ್. ಫರ್ನಿವಾಲ್ ಎಂಬ ವಿದ್ವಾಂಸ ವಸಾಹತುಗಳ ಬಗ್ಗೆ ಹೇಳಿದ್ದು ಇದನ್ನೇ. ಇಂಥ ಕಡೆ ಹಲವು ಜನಾಂಗ ಒಟ್ಟಿಗೆ ಬದುಕುತ್ತವೆ, ಆದರೆ ಸಂತೆಯಲ್ಲಿ ಕೊಡುಕೊಳ್ಳುವಾಗ ಬಿಟ್ಟರೆ ಬೇರೆಲ್ಲೂ ಬೆರೆಯುವುದಿಲ್ಲ. ಗಣಿಯೂರಿನ ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯಲ್ಲಿ ನಿಂತು ನೋಡಿದ್ದರೂ ಆತ ಬೇರೆ ಮಾತು ಹೇಳುತ್ತಿರಲಿಲ್ಲ.

1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ 92 ಮೈಲಿ ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದೇ 1905ರಲ್ಲಿ. ಈ ಸಾಧನೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದದ್ದೇ. ಆದರೆ ಆ ತಂತಿ ಯಾರ ಮನೆಗೆ ಇಳಿಯಿತು ಎಂದೂ ಕೇಳಬೇಕು. ಯಂತ್ರಗಳಿಗೆ ಇಳಿಯಿತು, ದೊರೆಗಳ ಬಂಗಲೆಗೆ ಇಳಿಯಿತು. ಹೂದೋಟ, ಕ್ಲಬ್ಬು, ಗಾಲ್ಫ್ ಮೈದಾನ ಎಲ್ಲ ಇದ್ದ ಆ ಭಾಗವನ್ನು ‘ಪುಟ್ಟ ಇಂಗ್ಲೆಂಡ್’ ಎಂದೇ ಕರೆದರು. ಕೂಲಿಗಳಿದ್ದದ್ದು ‘ಲೈನು’ಗಳಲ್ಲಿ. ಬಿದಿರು ತಟ್ಟಿಯ ಗೋಡೆ, ಒಂದೇ ಕೋಣೆ, ಬಗ್ಗಿ ಒಳಗೆ ಹೋಗಬೇಕಾದ ಬಾಗಿಲು. ಬೇತಮಂಗಲದಲ್ಲಿ ಪಾಲಾರ್ ನದಿಯ ನೀರು ನಿಲ್ಲಿಸಿ ಗಣಿಗೆ ಹರಿಸಿದರು. ಸುತ್ತಿನ ಹಳ್ಳಿಗಳು ಮೋಡ ನೋಡುತ್ತ ಕೂತವು. ಮೈಸೂರು ಸರ್ಕಾರಕ್ಕೆ ಚಿನ್ನದ ಮೇಲೆ ಶೇಕಡ 5ರ ರಾಜಧನ ಸಿಕ್ಕಿತು. ಲಾಭಾಂಶ ಲಂಡನ್ನಿನ ಷೇರುದಾರರಿಗೆ ಹೋಯಿತು. ಲೈನಿನವನು ಹಳ್ಳಿಯವನನ್ನು ನೋಡಿ, ಇವನಿಗಾದರೂ ನೆಲ ಇದೆ ಅಂದುಕೊಂಡ. ಹಳ್ಳಿಯವನು ಲೈನಿನವನನ್ನು ನೋಡಿ, ಇವನಿಗಾದರೂ ಸಂಬಳ ಇದೆ ಅಂದುಕೊಂಡ. ಇಬ್ಬರೂ ತಲೆ ಎತ್ತಿ ಏಣಿಯ ತುದಿ ನೋಡಿದ್ದು ಕಡಿಮೆ.

ಇಲ್ಲಿ ಸ್ವಲ್ಪ ಸಮುದ್ರ ದಾಟೋಣ. ಉತ್ತರ ಆರ್ಕಾಟು, ಸೇಲಂ ಕಡೆಯ ಜನ ಕೋಲಾರಕ್ಕೆ ಬಂದ ಕಾಲದಲ್ಲೇ ತಮಿಳು ಸೀಮೆಯ ಸಾವಿರಾರು ಜನ ಹಡಗು ಹತ್ತಿ ಮಲಯಾದ, ಅಂದರೆ ಇವತ್ತಿನ ಮಲೇಷ್ಯಾದ, ರಬ್ಬರ್ ತೋಟಗಳಿಗೆ ಹೋದರು. ಅಲ್ಲೂ ಇಂಥದೇ ಏಣಿ. ತವರದ ಗಣಿ ಮತ್ತು ಅಂಗಡಿ ವ್ಯಾಪಾರ ಚೀನೀಯರಿಗೆ, ರಬ್ಬರ್ ತೋಟ ತಮಿಳರಿಗೆ, ಭತ್ತದ ಗದ್ದೆ ಮತ್ತು ಮೀನು ಮಲಯರಿಗೆ. ಯಾವ ಜನ ಯಾವ ಕೆಲಸಕ್ಕೆ ಲಾಯಕ್ಕು ಎಂದು ತೀರ್ಮಾನಿಸಿದವರು ಬ್ರಿಟಿಷರು. ಅವರು ಹೋದ ಮೇಲೂ ಆ ಹಂಚಿಕೆ ಉಳಿಯಿತು. 1969ರ ಮೇ 13ರಂದು ಕ್ವಾಲಾಲಂಪುರದಲ್ಲಿ ಮಲಯರಿಗೂ ಚೀನೀಯರಿಗೂ ದೊಡ್ಡ ಗಲಭೆಯಾಯಿತು. ಸರ್ಕಾರದ ಲೆಕ್ಕದಲ್ಲೇ 196 ಜನ ಸತ್ತರು. ಆ ಹೊತ್ತಿನ ಅಂಕಿಅಂಶ ನೋಡಿ: ಕಂಪನಿಗಳ ಷೇರಿನಲ್ಲಿ ಮಲಯರ ಪಾಲು ಶೇಕಡ 2.4, ಚೀನೀಯರದು ಶೇಕಡ 27ರಷ್ಟು. ಉಳಿದದ್ದರಲ್ಲಿ ಬಹುಪಾಲು, ಅಂದರೆ ಶೇಕಡ 60ಕ್ಕೂ ಹೆಚ್ಚು, ಇನ್ನೂ ವಿದೇಶಿಯರ ಕೈಯಲ್ಲೇ ಇತ್ತು. ಬೀದಿಯಲ್ಲಿ ಬಡಿದಾಡಿಕೊಂಡವರು ಮಾತ್ರ ಮೊದಲಿನ ಇಬ್ಬರು.

ಕೋಲಾರದ ಗಣಿಯಲ್ಲಿ ಹಾಗಾಗಲಿಲ್ಲ. ಅದಕ್ಕೆ ಕಾರಣ ಗಣಿಯ ಜನವೇ. ಪಂಡಿತ ಅಯೋಥಿದಾಸರ ತಮಿಳು ಬೌದ್ಧ ಚಳವಳಿ ಮಾರಿಕುಪ್ಪಂ, ಚಾಂಪಿಯನ್ ರೀಫ್‌ನಲ್ಲಿ ಬೇರು ಬಿಟ್ಟಿತು. ಅವರು 1914ರಲ್ಲಿ ತೀರಿಕೊಂಡ ಮೇಲೆ, ಅವರ ‘ತಮಿಳನ್’ ಪತ್ರಿಕೆ ಮುಂದೆ ಈ ಗಣಿಯೂರಿನಿಂದಲೇ ಹೊರಬಂತು. ಹಗಲೆಲ್ಲ ಬಂಡೆ ಒಡೆದ ಕೈ ರಾತ್ರಿ ಪತ್ರಿಕೆ ಬಿಡಿಸಿ, ಜಾತಿ ಎಲ್ಲಿಂದ ಬಂತೆಂದು ಚರ್ಚೆ ಮಾಡುತ್ತಿತ್ತು. 1954ರಲ್ಲಿ ಅಂಬೇಡ್ಕರ್ ಕೂಡ ಇಲ್ಲಿಗೆ ಬಂದರು.

1930ರಲ್ಲಿ ಕಂಪನಿ ಒಂದು ಆಜ್ಞೆ ಹೊರಡಿಸಿತು. ಕೂಲಿಗಳೆಲ್ಲ ಹೆಸರು ನೋಂದಾಯಿಸಿ ಬೆರಳಚ್ಚು ಕೊಡಬೇಕು. ಬೆರಳಚ್ಚು ತೆಗೆಯುವುದು ಕಳ್ಳಕಾಕರದ್ದು, ನಾವೇನು ಕಳ್ಳರೇ ಎಂದು ಸಾವಿರಾರು ಜನ ಕೆಲಸ ಬಿಟ್ಟು ಕೂತರು. ಸುಮಾರು ಮೂರು ವಾರ ಗಣಿ ನಿಂತಿತು. ಕೂಲಿ ಹೆಚ್ಚಿಸಿ ಎಂದು ಮುಷ್ಕರವಾಗುವುದನ್ನು ಕೇಳಿದ್ದೇವೆ, ಒಂದು ಹೆಬ್ಬೆಟ್ಟಿನ ಮರ್ಯಾದೆಗಾಗಿ ಅಷ್ಟು ದೊಡ್ಡ ಗಣಿ ನಿಂತದ್ದು ಅಪರೂಪ. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಬಿದ್ದರು. ಗಣಿಯಲ್ಲಿ ಇವತ್ತಿಗೂ ಅದು ಹುತಾತ್ಮರ ದಿನ. ಗಣಿಯ ಜನರ ಸಿಟ್ಟು ಅಕ್ಕಪಕ್ಕದ ಹಳ್ಳಿಯ ಮೇಲೆ ತಿರುಗದೆ ಏಣಿಯ ಮೇಲುಗಡೆಗೇ ಹೋಯಿತು ಎಂಬುದನ್ನು ನಾವು ಗಮನಿಸಬೇಕು.

ಹಳ್ಳಿಯವರಾದ ನಮಗೆ ಈ ಯಾವ ಸುದ್ದಿಯೂ ನಮ್ಮ ಸುದ್ದಿಯಾಗಲಿಲ್ಲ. 1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ ಬಂದವು, 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆದವು. ಬಂಗಲೆಯಲ್ಲಿ ದೊರೆ ಹೋಗಿ ಸಾಹೇಬರು ಬಂದರು. ಬರಬರುತ್ತ ಪ್ರಶ್ನೆ ಬೇರೆಯಾಯಿತು. ಕನ್ನಡ ನಾಡಿನ ಕೆಲಸ ಯಾರಿಗೆ? 1982ರ ಗೋಕಾಕ್ ಚಳವಳಿ ಶಾಲೆಯಲ್ಲಿ ಕನ್ನಡದ ಸ್ಥಾನ ಕೇಳಿತು. ಅದರ ಹಿಂದೆಯೇ ಉದ್ಯೋಗದ ಪ್ರಶ್ನೆಗೆ ಸರೋಜಿನಿ ಮಹಿಷಿ ಸಮಿತಿ ಬಂತು.

ಮಲೇಷ್ಯಾ ಇಂಥದೇ ಪ್ರಶ್ನೆಗೆ 1971ರಲ್ಲಿ ಒಂದು ಉತ್ತರ ಕೊಟ್ಟಿತ್ತು. 1990ರೊಳಗೆ ಕಂಪನಿಗಳ ಶೇಕಡ 30 ಪಾಲು ಮಣ್ಣಿನ ಮಕ್ಕಳಿಗೆ ಸೇರಬೇಕು ಎಂದು ಗುರಿ ಇಟ್ಟಿತು. 1970ರಲ್ಲಿ ಅರ್ಧದಷ್ಟಿದ್ದ ಬಡತನ ಇಪ್ಪತ್ತು ವರ್ಷದಲ್ಲಿ ಶೇಕಡ 20ಕ್ಕಿಂತ ಕೆಳಗಿಳಿಯಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಪಾಲು ಮಲಯರಲ್ಲೂ ಬಲ್ಲಿದರಿಗೇ ಹೆಚ್ಚು ಸಿಕ್ಕಿತೆಂಬ ದೂರು ಉಳಿಯಿತು, ಮೂರು ತಲೆಮಾರು ಅಲ್ಲೇ ಬಾಳಿದ ಚೀನೀಯರಿಗೆ ತಾವು ಎರಡನೇ ದರ್ಜೆ ಎಂಬ ಕೊರಗೂ ಉಳಿಯಿತು. ಏಕೆಂದರೆ ಅಲ್ಲಿ ಮಲಯ ಎಂಬುದಕ್ಕೆ ಭಾಷೆಯ ಜೊತೆ ಮತವೂ ಆಚಾರವೂ ಸಂವಿಧಾನದಲ್ಲೇ ಗೊತ್ತಾಗಿವೆ.

ಮಹಿಷಿ ವರದಿಯ ಕನ್ನಡಿಗ ಯಾರು? ರಾಜ್ಯದಲ್ಲಿ 15 ವರ್ಷ ಬಾಳಿ ಕನ್ನಡ ಓದಲು ಬರೆಯಲು ಬಲ್ಲವನು. ಜಾತಿ ಕೇಳಲಿಲ್ಲ, ಮತ ಕೇಳಲಿಲ್ಲ, ಮನೆಮಾತು ಕೇಳಲಿಲ್ಲ. ಮಾಸ್ತಿಯವರೂ ಗುಂಡಪ್ಪನವರೂ ಒಳಗೆ ಬಂದ ಬಾಗಿಲು ಇದೇ. ಈಗ ನನ್ನ ಮೊದಲಿನ ಪ್ರಶ್ನೆಗೆ ಉತ್ತರ ಸಿಗುತ್ತದೆ. ಮಾಸ್ತಿಯವರ ಮನೆಯಲ್ಲಿ ತಮಿಳಿತ್ತು, ಅದರ ಜೊತೆಗೆ ಅಕ್ಷರವಿತ್ತು, ಕಾಲೇಜಿಗೆ ಹೋಗುವ ದಾರಿಯಿತ್ತು, ಮೈಸೂರು ಸರ್ಕಾರದ ಹುದ್ದೆಯ ವರೆಗೆ ಮೆಟ್ಟಿಲಿತ್ತು. ಲೈನಿನ ಹುಡುಗನ ಮನೆಯಲ್ಲಿ ಅದೇ ತಮಿಳು ಇತ್ತು, ಮೆಟ್ಟಿಲು ಇರಲಿಲ್ಲ. ಅಪ್ಪ ಇಳಿದ ಶಾಫ್ಟಿಗೇ ಮಗನೂ ಇಳಿದ. ಬಾಗಿಲು ತೆರೆದಿದೆ ಎಂದರೆ ಸಾಲದು, ಬಾಗಿಲವರೆಗೆ ದಾರಿ ಇರಬೇಕು. ನಾವು ಭಾಷೆಯ ಗೆರೆ ಎಂದು ತಿಳಿದಿದ್ದು ಬಹಳ ಮಟ್ಟಿಗೆ ಮೆಟ್ಟಿಲಿನ ಗೆರೆ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ತೆಗೆದ, ಮೂರು ಕಿಲೋಮೀಟರಿಗೂ ಆಳದ ಗಣಿ. ಊರಿಗೆ ಉಳಿದದ್ದು ಸೈನೈಡ್ ಗುಡ್ಡ, ಗಾಳಿ ಬೀಸಿದರೆ ಮನೆಯೊಳಗೆ ಬರುವ ಅದರ ಧೂಳು, ಮತ್ತು ಬೆಳಗಿನ ಈ ರೈಲು.

ಮೊನ್ನೆಯ ಆ ಗಾಡಿ ದೇವನಗೊಂದಿ ದಾಟಿದ ಮೇಲೆ ಸಿಗ್ನಲ್ ಸಿಗದೆ ನಿಂತುಬಿಟ್ಟಿತು. ಬಾಗಿಲ ಬಳಿಯ ಹೆಂಗಸು ಗಡಿಯಾರ ನೋಡಿಕೊಂಡರು. ವೈಟ್‌ಫೀಲ್ಡಿನ ಒಂದು ಕಚೇರಿಯಲ್ಲಿ ಅವರದು ಗುಡಿಸಿ ಒರೆಸುವ ಕೆಲಸ. ‘ಒಂಬತ್ತರೊಳಗೆ ಮೆಷಿನ್‌ಗೆ ಬೆರಳು ಒತ್ತಿಲ್ಲ ಅಂದ್ರೆ ಅರ್ಧ ದಿನದ ಸಂಬಳ ಹೋಯ್ತಣ್ಣ’ ಅಂದರು. ನಾನು ಏನೋ ಹೇಳುವಷ್ಟರಲ್ಲಿ ಹಿಂದಿನಿಂದ ಆ ಗೊಣಗಿದ ಹುಡುಗನೇ ಬಾಯಿ ಬಿಟ್ಟ. ಅವನು ಅಲ್ಲೇ ಇನ್ನೊಂದು ಕಚೇರಿಯ ಗೇಟಿನಲ್ಲಿ ಸೆಕ್ಯೂರಿಟಿ. ‘ನಮ್ಮಲ್ಲೂ ಅಷ್ಟೇ ಅಕ್ಕ. ಹತ್ತು ನಿಮಿಷ ಲೇಟಾದ್ರೂ ಕಟ್.’

ಅವರಿಬ್ಬರ ನಡುವೆ ಅದೇ ಮೊದಲ ಮಾತು. ಗಾಡಿ ಹೊರಡುವವರೆಗೂ ಇಬ್ಬರೂ ಆ ಮೆಷಿನ್ನನ್ನೇ ಬೈಯುತ್ತಿದ್ದರು. ಅವರು ತಮಿಳು ಬೆರೆತ ಕನ್ನಡದಲ್ಲಿ, ಇವನು ತೆಲುಗು ಬೆರೆತ ಕನ್ನಡದಲ್ಲಿ.